ಕಳ್ಳಜೇಬು

ಆಪರೇಷನ್ನಿಗೆ ಒಟ್ಟು ಹತ್ತೊಂಬತ್ತು ಕೋಟು ಹಿಡಿಯಿತು. ದರ್ಜಿಯ ಲೆಕ್ಕ ಯಾವಾಗಲೂ ಹಾಗೆಯೇ. ಆಯುಷ್ಯವೆಲ್ಲ ಕೋಟು ಹೊಲಿದವನಿಗೆ ದುಡ್ಡು ದುಡ್ಡಾಗಿ ಕಾಣುವುದಿಲ್ಲ. ಕೋಟೊಂದಕ್ಕೆ ಇಷ್ಟು ಕೂಲಿ, ಪ್ಯಾಂಟೊಂದಕ್ಕೆ ಇಷ್ಟು, ಉಳಿದ ಪ್ರಪಂಚವನ್ನೆಲ್ಲ ಅದರಿಂದಲೇ ಅಳೆಯಬೇಕು. ಆಸ್ಪತ್ರೆಯ ಮಂಚಕ್ಕೆ ದಿನಕ್ಕೊಂದು ಪ್ಯಾಂಟು. ದೊಡ್ಡ ಡಾಕ್ಟರು ಬಂದು, ಹೊದಿಕೆ ಎತ್ತಿ ನೋಡಿ, ‘ಹ್ಞೂಂ’ ಎಂದು ಹೋದರೆ ಅರ್ಧ ಪ್ಯಾಂಟು. ಅಂದರೆ ಬರೀ ಒಂದು ಕಾಲು. ಅರಿವಳಿಕೆ ಕೊಡುವ ಡಾಕ್ಟರು ಮುಖವನ್ನೂ ಸರಿಯಾಗಿ ತೋರಿಸದೆ ಎರಡು ಕೋಟು ಹೊತ್ತುಕೊಂಡು ಹೋದರು, ಅಸ್ತರು ಸಮೇತ. ಇಷ್ಟೆಲ್ಲದರಲ್ಲಿ ಅಗ್ಗದ ಸಾಮಾನು ಯಾವುದೆಂದರೆ ಕಾಲಿಗೆ ಕಟ್ಟಿಕೊಳ್ಳುವ ಮೂತ್ರದ ಚೀಲ. ಒಂದು ಅಂಗಿಗೆ ಹಾಕುವ ಗುಂಡಿಗಳ ಬೆಲೆ ಅದಕ್ಕೆ. ಔಷಧಿ ಅಂಗಡಿಯವನು ಅದನ್ನು ಕಾಗದದಲ್ಲೂ ಸುತ್ತದೆ ಕೈಗೆ ಕೊಟ್ಟಿದ್ದ. ಹತ್ತೊಂಬತ್ತು ಕೋಟಿನ ಸಾಲ ಅವನನ್ನು ಅಷ್ಟಾಗಿ ಕಾಡಲಿಲ್ಲ, ಹೊಲಿದರೆ ತೀರುತ್ತದೆ. ಗುಂಡಿ ಬೆಲೆಯ ಆ ಚೀಲ ಮಾತ್ರ ಹಗಲೂ ರಾತ್ರಿ ತೊಡೆಗೆ ಅಂಟಿಕೊಂಡು, ಬೆಚ್ಚಗಾಗಿ, ಭಾರವಾಗಿ, ನಡೆದರೆ ಒಳಗೊಳಗೇ ಕುಲುಕುತ್ತ, ತಾನು ಯಾರು ಎಂಬುದನ್ನು ಅವನು ಮರೆಯಲು ಬಿಡುತ್ತಿರಲಿಲ್ಲ.

ಆ ಬೆಳಿಗ್ಗೆ ಅವನು ಬೀರುವಿನ ಕನ್ನಡಿಯ ಮುಂದೆ ನಿಂತು ತಾನೇ ಹೊಲಿದುಕೊಂಡ ಹೊಸ ಪ್ಯಾಂಟನ್ನು ಏರಿಸಿಕೊಂಡ. ಬೂದು ಬಣ್ಣದ್ದು, ಸ್ವಲ್ಪ ದಪ್ಪ ನೇಯ್ಗೆ, ಬೆಳಕಿಗೆ ಹೊಳೆಯದ್ದು. ಮುಂದಿನಿಂದ ನೋಡಿದ, ಪಕ್ಕಕ್ಕೆ ತಿರುಗಿ ನೋಡಿದ, ಒಂದು ಹೆಜ್ಜೆ ಹಾಕಿ ನಿಂತು ನೋಡಿದ. ತೊಡೆಯ ಮೇಲೆ ಇಸ್ತ್ರಿ ಗೆರೆ ಎಲ್ಲೂ ಮುರಿಯದೆ ಪಾದದವರೆಗೆ ಇಳಿದಿತ್ತು. ಒಳಗೆ ಒಂದು ಪೈಪು ಇದೆ, ಅದರ ತುದಿಗೆ ಒಂದು ಚೀಲ ಇದೆ ಎಂದು ದೇವರು ಬಂದು ಹೇಳಿದರೂ ನಂಬುವಂತಿರಲಿಲ್ಲ. ಅವನಿಗೆ ಬಹಳ ದಿನಗಳ ಮೇಲೆ ಒಂದು ಸಣ್ಣ ಖುಷಿ ಆಯಿತು, ಒಳ್ಳೆಯ ಕೆಲಸ ಕೈಯಲ್ಲಿ ಮುಗಿದಾಗ ಆಗುವಂಥದ್ದು. ಹೊರಗಿನಿಂದ ಹೆಂಡತಿ, ಚೀಲ ಖಾಲಿ ಮಾಡಿದಿರಾ, ಎಷ್ಟು ಬಂದಿತ್ತು, ಬಣ್ಣ ಹೇಗಿತ್ತು ಎಂದು ಕೇಳಿದಳು. ಎಲ್ಲ ಸರಿಯಿದೆ ಎಂದ. ಅವಳು ಬಾಗಿಲ ಆಚೆಯೇ ಸ್ವಲ್ಪ ಹೊತ್ತು ನಿಂತಿದ್ದು ಅವನಿಗೆ ತಿಳಿಯಿತು. ಬಾಗಿಲ ಕೆಳಗಿನ ಬೆಳಕಿನಲ್ಲಿ ಅವಳ ಎರಡು ಪಾದಗಳ ನೆರಳು ಇತ್ತು. ಆಮೇಲೆ ಇರಲಿಲ್ಲ.

ಪೈಪು ಇಷ್ಟು ದಿನ ಇರಬೇಕಾಗಿರಲಿಲ್ಲ. ಪ್ರಾಸ್ಟೇಟ್ ಗ್ರಂಥಿಯನ್ನು ಕೆರೆದು ತೆಗೆದಾದ ಮೇಲೆ, ಆಸ್ಪತ್ರೆಯಲ್ಲೇ ಒಮ್ಮೆ ಪೈಪು ಎಳೆದಿದ್ದರು. ನೀರು ಕುಡಿದು ಬನ್ನಿ, ಒಂದಕ್ಕೆ ಹೋಗಿ ಎಂದು ಕಳಿಸಿದ್ದರು. ಅವನು ಬಿಳಿ ಗೋಡೆಯ ಮುಂದೆ ನಿಂತ. ಹೊರಗೆ ಯಾರೋ ಕೆಮ್ಮಿದರು, ಯಾರೋ ಬಕೆಟ್ಟು ಎಳೆದರು. ಹೊಟ್ಟೆ ಕಲ್ಲಾಗುತ್ತ ಬಂತು, ಬೆವರು ಬಂತು, ಬರಬೇಕಾದದ್ದು ಮಾತ್ರ ಬರಲಿಲ್ಲ. ಮಗುವೂ ಮಾಡುವ ಕೆಲಸ, ನಾಯಿಯೂ ಮಾಡುವ ಕೆಲಸ ಎಂದು ಅವನಿಗೆ ಆಗ ಅನ್ನಿಸಿದ್ದು ಈಗಲೂ ಹಾಗೆಯೇ ಇದೆ. ಪೈಪು ಮತ್ತೆ ಒಳಗೆ ಹೋಯಿತು. ಅದರ ಜೊತೆಗೆ ಅವನು ಮನೆಗೆ ಬಂದ. ಬರುವ ಶುಕ್ರವಾರ ಇನ್ನೊಮ್ಮೆ ತೆಗೆದು ನೋಡೋಣ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ಜ್ವರ ಬರಬಾರದು, ಸೋಂಕು ಆಗಬಾರದು, ಪೈಪು ಕಟ್ಟಬಾರದು. ಹಾಗೇನಾದರೂ ಆದರೆ ಒಳಗಿನ ಚೀಲ, ಅಂದರೆ ಮೂತ್ರಕೋಶ, ಹಿಗ್ಗಿ ಸೋತುಹೋಗುತ್ತದೆ. ಆಮೇಲೆ ಪೈಪು ತಿಂಗಳುಗಟ್ಟಲೆ ಇರಬಹುದು, ಎಷ್ಟು ತಿಂಗಳೆಂದು ನಾನೂ ಹೇಳಲಾರೆ ಎಂದಿದ್ದರು. ಅವನು ಅಲ್ಲಿಯೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಬಿಟ್ಟಿದ್ದ. ಪೈಪು ಉಳಿಯುವುದಾದರೆ ಅಂಗಡಿ ಬಿಡುವುದು. ಉಚ್ಚೆಯ ಚೀಲ ಕಟ್ಟಿಕೊಂಡು ಇನ್ನೊಬ್ಬರ ಮೈ ಅಳೆಯುವುದು ಆಗದ ಮಾತು. ಹೆಂಡತಿಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೈಯುತ್ತಿರಲಿಲ್ಲ, ನಗುತ್ತಿದ್ದಳು, ಅದೇ ತೊಂದರೆ.

ಮೈ ಅಳೆಯುವುದನ್ನು ಅವನಿಗೆ ಕಲಿಸಿದ ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಮೊದಲ ದಿನ ಟೇಪು ಕೈಗೆ ಕೊಟ್ಟು, ಕಣ್ಣು ಟೇಪಿನ ಮೇಲಿರಲಿ, ಗಿರಾಕಿಯ ಮುಖದ ಮೇಲೆ ಬೇಡ ಎಂದಿದ್ದರು. ಕಾಲಿನ ಒಳಅಳತೆ ತೆಗೆಯುವಾಗ ಗಂಡಸು ಉಸಿರು ಹಿಡಿಯುತ್ತಾನೆ, ಆಗ ನೀನು ಮಳೆಯ ವಿಷಯವನ್ನೋ ರಸ್ತೆಯ ವಿಷಯವನ್ನೋ ಮಾತಾಡಬೇಕು. ಎಷ್ಟೋ ಮೈಗಳು ಅವನ ಟೇಪಿನೊಳಗೆ ಹೋಗಿ ಬಂದವು. ಒಂದು ಭುಜ ಇಳಿದವರು, ಒಂದು ಕಾಲು ಗಿಡ್ಡದವರು, ಅಂಡವಾಯುವಿಗೆ ಪಟ್ಟಿ ಕಟ್ಟಿಕೊಂಡವರು, ಎದೆ ಹೆಂಗಸರಂತೆ ಬೆಳೆದು ಅದಕ್ಕಾಗಿ ಸಂಕಟಪಡುವವರು. ಅವನು ಯಾರಿಗೂ ಏನನ್ನೂ ಹೇಳಲಿಲ್ಲ. ಇಳಿದ ಭುಜಕ್ಕೆ ಹತ್ತಿ ತುಂಬಿದ, ಗಿಡ್ಡ ಕಾಲಿಗೆ ಅಂಚು ಬಿಟ್ಟ, ಎದೆಗೆ ಗಟ್ಟಿ ಬಕ್ರಮ್ ಬಟ್ಟೆ ಕೊಟ್ಟ. ಬಟ್ಟೆ ಇರುವುದೇ ಮೈಯ ತಪ್ಪನ್ನು ಮುಚ್ಚಲಿಕ್ಕೆ ಎಂಬುದು ಅವನು ದುಡಿದು ಕಂಡುಕೊಂಡ ಒಂದೇ ಸತ್ಯ. ಕನ್ನಡಿಯ ಮುಂದೆ ನಿಂತ ಗಿರಾಕಿ ತನ್ನ ಮೈಯನ್ನೇ ಗುರುತು ಹಿಡಿಯದೆ ಒಂದು ಕ್ಷಣ ಬೆರಗಾಗಿ ನೋಡುತ್ತಾನಲ್ಲ, ಅದು ಅವನ ಸಂಬಳ, ಉಳಿದದ್ದು ಕೂಲಿ.

ಹಾಗಾಗಿ ಚೀಲದ ಸಮಸ್ಯೆಯೂ ಅವನಿಗೆ ಕತ್ತರಿಯ ಸಮಸ್ಯೆಯಾಗಿಯೇ ಕಂಡಿತು. ತೊಡೆಗೆ ಕಟ್ಟಿದರೆ ಅರ್ಧ ತುಂಬುವ ಹೊತ್ತಿಗೆ ಉಬ್ಬುತ್ತದೆ. ಮೀನಖಂಡಕ್ಕೆ ಕಟ್ಟಿದರೆ ಮಂಡಿಯೂರಿದಾಗ ಪ್ಯಾಂಟು ಎಳೆದು ಆಕಾರ ಬಿಟ್ಟುಕೊಡುತ್ತದೆ. ಗಂಡಸಿನ ಮೈಯಲ್ಲಿ ಕೋಟಿನ ಕೆಳಗೆ ತಾನಾಗಿಯೇ ಜಾಗ ಇರುವುದು ಒಂದೇ ಕಡೆ, ಸೊಂಟಪಟ್ಟಿಯ ಒಳಗೆ, ಎಡಗಡೆ, ಪಕ್ಕೆ ಒಳಕ್ಕೆ ಹೋಗುವಲ್ಲಿ. ಹಿಂದೆ ಊರೂರು ತಿರುಗುವ ವ್ಯಾಪಾರಿಗಳಿಗೆ ಹಣ ಇಡಲು ಅಲ್ಲಿಯೇ ಕಳ್ಳಜೇಬು ಹೊಲಿದುಕೊಡುತ್ತಿದ್ದ. ಈಗ ತನಗೊಂದು ಹೊಲಿದುಕೊಂಡ. ಜಾರುವಂಥ ನುಣುಪು ಅಸ್ತರು ಬೇಕಿತ್ತು. ಹಳೆಯ ಗಿರಾಕಿ ಜಡ್ಜ್ ಸಾಹೇಬರಿಗೆ ಹೊಲಿಯುತ್ತಿದ್ದ ಕೋಟಿನ ಅಸ್ತರಿನಲ್ಲಿ ಉಳಿದ ತುಂಡು ಮನೆಯಲ್ಲಿತ್ತು. ಉಳಿದ ಬಟ್ಟೆಯನ್ನು ಗಿರಾಕಿಗೆ ಮಡಿಸಿ ಕೊಡುವುದು ಅವನ ರೂಢಿ. ಈ ಸಲ ಕೊಡಲಿಲ್ಲ. ಆ ತುಂಡನ್ನು ಕತ್ತರಿಸುವಾಗ ಕಿವಿ ಬಿಸಿಯಾದದ್ದು ನಿಜ, ಆದರೆ ಕೈ ನಿಲ್ಲಲಿಲ್ಲ. ಪೈಪು ಅಲುಗದಂತೆ ಅಸ್ತರಿನಲ್ಲಿ ಎರಡು ಕುಣಿಕೆ ಮಾಡಿದ. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಲಿ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದಳು, ಅದು ಅವನಿಗೆ ಮರೆತಿರಲಿಲ್ಲ. ಆದರೆ ಅವಳು ಮಂಚದ ವಿಷಯ ಹೇಳಿದ್ದು, ನಿಂತು ಕೆಲಸ ಮಾಡುವವನ ವಿಷಯ ಅವಳಿಗೇನು ಗೊತ್ತು ಎಂದುಕೊಂಡ. ಹಿಂದಿನ ದಿನ ಮನೆಯಲ್ಲಿ ಹಾಕಿಕೊಂಡು ಅತ್ತಿತ್ತ ಓಡಾಡಿ ನೋಡಿದ್ದ. ಚೀಲಕ್ಕೆ ಅಷ್ಟಿಷ್ಟು ಬಂದಿತ್ತು. ಸಾಯಂಕಾಲ ಬೆನ್ನಿನಲ್ಲಿ ಸಣ್ಣ ಚಳಿ ಓಡಿದಂತಾದದ್ದನ್ನು ಕಿಟಕಿ ತೆರೆದದ್ದರಿಂದ ಎಂದುಕೊಂಡು ಕಿಟಕಿ ಮುಚ್ಚಿದ್ದ.

ಬೀದಿಯಲ್ಲಿ ಬಿಸಿಲು ಹದವಾಗಿತ್ತು. ಅವನು ನಿಧಾನ ನಡೆದ. ಎದುರು ಬರುವ ಗಂಡಸರ ಮುಖ ಅವನಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ, ಪ್ಯಾಂಟು ನೆನಪಿರುತ್ತಿತ್ತು. ಇವತ್ತು ಪ್ರತಿಯೊಬ್ಬನ ತೊಡೆಯನ್ನೂ ನೋಡಿದ. ಬಸ್ಸಿಗೆ ಕಾಯುವ ಮುದುಕನ ಎಡಗಾಲಿನ ಬಟ್ಟೆ ಯಾಕೆ ಅಷ್ಟು ಬಿಗಿ? ಬ್ಯಾಂಕಿನ ಮೆಟ್ಟಿಲಿಳಿಯುವವನು ಯಾಕೆ ಕಾಲು ಅಗಲಿಸಿ ಇಳಿಯುತ್ತಾನೆ? ಇಡೀ ಊರಿನ ಗಂಡಸರು ಒಳಗೆ ಏನೇನೋ ಕಟ್ಟಿಕೊಂಡು ಇಸ್ತ್ರಿ ಗೆರೆಯ ಹಿಂದೆ ಅಡಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ ಎನ್ನಿಸಿ, ನಗು ಬಂತು. ನಕ್ಕಾಗ ಕೆಳಹೊಟ್ಟೆಯಲ್ಲಿ ಏನೋ ಹಿಡಿದು ಬಿಟ್ಟಂತಾಯಿತು. ಇದು ಹೊಸದಲ್ಲ. ಒಳಗಿನ ಚೀಲ ಪೈಪನ್ನು ಹೊರಗೆ ದಬ್ಬಲು ನೋಡುತ್ತದೆ, ಬಂದು ಹೋಗುತ್ತದೆ ಎಂದು ಹೇಳಿದ್ದರು. ಬಂದಿತು, ಹೋಯಿತು. ಅವನು ಒಂದು ದೀಪದ ಕಂಬಕ್ಕೆ ಕೈಯೂರಿ, ಎದುರಿನ ಅಂಗಡಿಯ ಫಲಕ ಓದುವವನಂತೆ ನಿಂತು, ಮುಂದೆ ನಡೆದ. ಹೆಂಡತಿಯ ಅಪ್ಪ ಪಾರ್ಶ್ವವಾಯು ಬಂದು ಇವನ ಮನೆಯಲ್ಲೇ ಮಲಗಿದ್ದಾಗ ಹೀಗೆಯೇ ಒಂದು ಬಿಸಿಲು ಇತ್ತು. ಅವಳು ಅಪ್ಪನನ್ನು ತಿರುಗಿಸಿ, ಒರೆಸಿ, ಬಟ್ಟೆ ಬದಲಾಯಿಸಿ ಬಂದು ಊಟಕ್ಕೆ ಬಡಿಸುವಾಗ ಅವನು, ಇನ್ನೊಮ್ಮೆ ಕೈ ತೊಳೆದುಕೋ ಎಂದಿದ್ದ. ಅವಳು ಎದ್ದು ಹೋಗಿ ತೊಳೆದುಕೊಂಡು ಬಂದು ಬಡಿಸಿದ್ದಳು. ಅದು ಒಂದೇ ದಿನದ ಮಾತಾಗಿದ್ದರೆ ಮರೆಯಬಹುದಿತ್ತು. ಮಾವ ತೀರಿಕೊಳ್ಳುವವರೆಗೂ ಅವನು ಹೇಳುತ್ತಿದ್ದ, ಅವಳು ತೊಳೆಯುತ್ತಿದ್ದಳು. ಕೊನೆಕೊನೆಗೆ ಹೇಳಬೇಕಾಗಿಯೂ ಇರಲಿಲ್ಲ. ಅವನ ತಟ್ಟೆಯ ಮುಂದೆ ಬಂದಾಗ ಅವಳ ಕೈ ಯಾವಾಗಲೂ ಒದ್ದೆ ಇರುತ್ತಿತ್ತು.

ಅಂಗಡಿಯಲ್ಲಿ ಭಾಮೈದ ಆಗಲೇ ಮೆಷಿನ್ನಿನ ಮುಂದೆ ಕೂತಿದ್ದ. ಹೆಂಡತಿಯ ತಮ್ಮ, ತುಟಿಯ ನಡುವೆ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದದ್ದರಿಂದ ಬೀದಿಯವರೆಲ್ಲ ಅವನನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಮೈ ಗುಂಡು, ಸೂಜಿ ನಾಲಗೆಯಲ್ಲಿ. ಆಪರೇಷನ್ ಆದದ್ದು ಅವನಿಗೆ ಗೊತ್ತು, ಪೈಪಿನ ವಿಷಯ ಗೊತ್ತಿಲ್ಲ. ಅಕ್ಕ ತಮ್ಮನಿಗೂ ಹೇಳದೆ ಯಾರಿಗೂ ಹೇಳಬೇಡವೆಂದ ಗಂಡನ ಮಾತು ಉಳಿಸಿಕೊಂಡಿದ್ದಳು. ಭಾವನನ್ನು ಮೇಲಿಂದ ಕೆಳಗೆ ನೋಡಿ, ಹೊಸ ಪ್ಯಾಂಟಾ ಭಾವ, ಏನು ಇನ್ನೊಂದು ಮದುವೆಗೆ ತಯಾರಿಯಾ, ನಮ್ಮಕ್ಕನಿಗೆ ಒಂದು ಮಾತು ಹೇಳಿದ್ದೀರಾ ಎಂದ. ಇವನು, ನಿಮ್ಮಕ್ಕನೇ ಹುಡುಕಿದ ಹೆಣ್ಣು ಕಣೋ ಎಂದ. ಗುಂಡುಸೂಜಿ ನಕ್ಕು, ಸೂಜಿಗಳನ್ನು ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿ, ಎದ್ದು ಕಟಿಂಗ್ ಟೇಬಲ್ಲಿನ ಮೇಲಿನ ತನ್ನ ಸಾಮಾನುಗಳನ್ನೆಲ್ಲ ಒಂದು ಕಡೆಗೆ ಸರಿಸಿದ. ಟೇಬಲ್ಲಿನ ಬಲಮೂಲೆಯಲ್ಲಿ ಅವನ ಚಹಾ ಲೋಟದ ಉಂಗುರ ಬಿದ್ದಿತ್ತು. ತಾನಿಲ್ಲದ ದಿನಗಳಲ್ಲಿ ಬಿದ್ದ ಗುರುತು. ದರ್ಜಿ ಅದನ್ನು ಹೆಬ್ಬೆರಳಿನಿಂದ ಉಜ್ಜಿದ, ಹೋಗಲಿಲ್ಲ, ಅದರ ಮೇಲೆ ಕತ್ತರಿ ಇಟ್ಟ.

ಬೆಳಿಗ್ಗೆಯೆಲ್ಲ ಅವನು ನಿಂತು ಕತ್ತರಿಸಿದ. ಬಟ್ಟೆಯ ಮೇಲೆ ಸೀಮೆಸುಣ್ಣ ಓಡುವ ಸದ್ದು, ಕತ್ತರಿ ಟೇಬಲ್ಲಿಗೆ ತಾಗಿ ತಾಗಿ ಮುಂದೆ ಹೋಗುವ ಸದ್ದು, ಇವು ಅವನಿಗೆ ಔಷಧಿಗಿಂತ ಹೆಚ್ಚು ಹಿಡಿಸಿದವು. ನಡುವೆ ಪಕ್ಕೆಗೆ ಮೊಣಕೈ ತಾಗಿಸಿ ಚೀಲವನ್ನು ಮುಟ್ಟಿನೋಡಿದ. ಚಪ್ಪಟೆಯಾಗಿತ್ತು. ಇನ್ನೊಮ್ಮೆ ಮುಟ್ಟಿದ. ಇನ್ನೂ ಚಪ್ಪಟೆ. ಇವತ್ತು ಕಡಿಮೆ ಬರುತ್ತಿದೆ, ಒಳ್ಳೆಯದೇ ಆಯಿತು ಎಂದುಕೊಂಡ. ಕಡಿಮೆ ಬರಲಿ ಎಂದು ನೀರನ್ನೂ ಕುಡಿದಿರಲಿಲ್ಲ. ಗುಂಡುಸೂಜಿ ಚಹಾ ತರಿಸಿದರೆ ಬೇಡವೆಂದ. ಕೆಳಹೊಟ್ಟೆ ಬಿಗಿಯುತ್ತಿತ್ತು, ಆದರೆ ಬಿಗಿ ಅವನಿಗೆ ಹೊಸತಲ್ಲ, ವರ್ಷಗಳಿಂದ ಇದ್ದದ್ದೇ. ರಾತ್ರಿಯೆಲ್ಲ ಎದ್ದೆದ್ದು ಹೋಗಿ ಹನಿಹನಿಯಾಗಿ ಬೇಡಿ ಪಡೆಯುತ್ತಿದ್ದ ದಿನಗಳಿಂದ ಇದ್ದದ್ದು. ಹಣೆಯ ಮೇಲೆ ಬೆವರು ಬಂದಾಗ ಟೇಪಿನಿಂದ ಒರೆಸಿಕೊಂಡ. ಅದು ಟೇಪು ಎಂದು ಒರೆಸಿದ ಮೇಲೆ ತಿಳಿಯಿತು.

ಜಡ್ಜ್ ಸಾಹೇಬರು ಊಟಕ್ಕೆ ಮುಂಚೆ ಬಂದರು. ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಕೋರ್ಟಿನ ಗೋಡೆಗೆ ತೂಗುಹಾಕುವ ಫೋಟೋಗಳ ಸಾಲಿನಲ್ಲಿ ಅವರದೂ ಒಂದು ಆಗಬೇಕಿತ್ತು, ಅದಕ್ಕಾಗಿ ಈ ಕೋಟು. ಕೋಟು ಇನ್ನೂ ಕಚ್ಚಾ ಹೊಲಿಗೆಯಲ್ಲಿತ್ತು, ಬಿಳಿ ದಾರದ ಉದ್ದುದ್ದ ಎಳೆಗಳು ಕಪ್ಪು ಬಟ್ಟೆಯ ಮೇಲೆ ಕಾಣುತ್ತಿದ್ದವು. ಅವರು ಮೂರು ಮಡಿಕೆಯ ದೊಡ್ಡ ಕನ್ನಡಿಯ ಮುಂದೆ ಹೋಗಿ, ಶಿಲುಬೆಗೇರುವವರಂತೆ ಕೈ ಅಗಲಿಸಿ ನಿಂತರು. ನೀವು ಇರಲಿಲ್ಲವಂತೆ, ನಿಮ್ಮ ಭಾಮೈದ ಅಳತೆ ನೋಡುತ್ತೇನೆ ಎಂದ, ನಾನು ಒಪ್ಪಲಿಲ್ಲ, ತೀರ್ಪನ್ನು ಗುಮಾಸ್ತನ ಕೈಯಲ್ಲಿ ಬರೆಸುವುದಕ್ಕಾಗುತ್ತದೆಯೇ ಎಂದರು. ಮೆಷಿನ್ನಿನ ಹಿಂದೆ ಗುಂಡುಸೂಜಿ ಕೇಳಿಸದವನಂತೆ ಪೆಡಲು ತುಳಿದ. ದರ್ಜಿ ಭುಜ ಸವರಿದ, ಬೆನ್ನು ಎಳೆದ, ಕಾಲರಿನ ಕೆಳಗೆ ಒಂದು ಸುಕ್ಕನ್ನು ಹಿಡಿದು ಸೂಜಿ ಹಾಕಿದ. ಕನ್ನಡಿಯ ಮೂರು ಮಡಿಕೆಯಲ್ಲಿ ಮೂವರು ಜಡ್ಜರು, ಅವರ ಸುತ್ತ ಮೂವರು ದರ್ಜಿಗಳು, ದರ್ಜಿಗಳ ಮೂರೂ ಮುಖ ಬಿಳಿಚಿಕೊಂಡಿತ್ತು. ಕೋಟಿನ ಜೊತೆಗೇ ಹೊಲಿದು ಜಡ್ಜರು ಹಾಕಿಕೊಂಡಿದ್ದ ಪ್ಯಾಂಟಿನ ಅಂಚು ನೋಡುವುದು ಉಳಿದಿತ್ತು. ಅವನು ಎಂದಿನಂತೆ ಬಲಗೈಯನ್ನು ನೆಲಕ್ಕೆ ಊರಿ, ಮೊದಲು ಎಡಮಂಡಿ, ಆಮೇಲೆ ಬಲಮಂಡಿ ಊರಿದ.

ಮಡಿಕೆಯಾದ ಹೊಟ್ಟೆಯೊಳಗೆ ಏನೋ ಹಿಡಿಯಿತು. ಈ ಸಲ ಬಿಡಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡುವಾಗ ಕೊನೆಯ ತಿರುವಿನಲ್ಲಿ ಹೇಗೆ ಕೈ ನಿಲ್ಲುತ್ತದೋ ಹಾಗೆ ಹಿಂಡಿಕೊಂಡು ನಿಂತಿತು. ಅವನ ಬಾಯಲ್ಲಿ ಎರಡು ಸೂಜಿ ಇದ್ದವು, ಆದ್ದರಿಂದ ಕೂಗಲಿಲ್ಲ. ಕಣ್ಣಿಗೆ ಜಡ್ಜರ ಬೂಟಿನ ಲೇಸು ಕಂಡಿತು, ಅದರ ತುದಿಯ ಸಣ್ಣ ತಗಡು ಬಿಟ್ಟುಹೋಗಿತ್ತು. ಆಮೇಲೆ ಪೈಪಿನೊಳಗೆ ದಾರಿಯಿಲ್ಲದ್ದು ಪೈಪಿನ ಪಕ್ಕದಿಂದಲೇ ದಾರಿ ಮಾಡಿಕೊಂಡಿತು. ಬಿಸಿ. ಮೊದಲು ಸ್ವಲ್ಪ, ಆಮೇಲೆ ಬಹಳ. ಹೊಳೆಯದ ಬೂದು ಬಟ್ಟೆ ನೋಡನೋಡುತ್ತ ಕಪ್ಪಾಯಿತು, ಆ ಕಪ್ಪು ತೊಡೆಯಿಂದ ಮಂಡಿಗೆ, ಮಂಡಿಯಿಂದ ನೆಲದ ಮೇಲಿನ ಜಮಖಾನಕ್ಕೆ ಇಳಿಯಿತು. ಬಟ್ಟೆ ಎಷ್ಟು ಬೇಗ ಹೀರುತ್ತದೆ ಎಂದು ಅವನಿಗೆ ಅನ್ನಿಸಿತು, ಒಳ್ಳೆಯ ಬಟ್ಟೆ. ತಲೆ ಎತ್ತಿದರೆ ಕನ್ನಡಿ. ಮೂರರಲ್ಲೂ ಕಾಣುತ್ತಿತ್ತು. ಗಿರಾಕಿಯ ಮುಖ ನೋಡಬಾರದೆಂದು ಇಷ್ಟು ವರ್ಷ ನಡೆದುಕೊಂಡವನು ಆಗ ಜಡ್ಜರ ಮುಖ ನೋಡಿದ. ಅವರು ಇನ್ನೂ ಕೈ ಅಗಲಿಸಿಯೇ ನಿಂತಿದ್ದರು. ಅವರಿಗೆ ಎಲ್ಲಿ ನೋಡಬೇಕೆಂದು ಯಾರೂ ಕಲಿಸಿರಲಿಲ್ಲ.

ಅವನು ಏಳಲು ನೋಡಿದ, ಆಗಲಿಲ್ಲ. ಜಡ್ಜರು ಬಗ್ಗಿ ಅವನ ಕಂಕುಳಿಗೆ ಕೈ ಹಾಕಿದರು. ಆಸರೆಗೆಂದು ಅವನು ಅವರ ತೋಳು ಹಿಡಿದ. ಕಚ್ಚಾ ಹೊಲಿಗೆ ಎಷ್ಟು ಭಾರ ತಾಳೀತು? ಪರ್ ಎಂದು ಭುಜದ ದಾರಗಳು ಬಿಟ್ಟವು, ಕೋಟಿನ ಇಡೀ ಎಡತೋಳು ಅವನ ಕೈಗೆ ಬಂತು. ಅವನು ನೆಲದ ಮೇಲೆ, ಕೈಯಲ್ಲಿ ಒಂದು ಖಾಲಿ ತೋಳು ಹಿಡಿದು ಕೂತ. ತೋಳು ಹೋಯಿತಲ್ಲ ಸಾಹೇಬರೇ ಎಂದು ತಾನು ಹೇಳಿದ್ದು ಅವನಿಗೆ ಕೇಳಿಸಿತು.

“ತೋಳು ಆಮೇಲೆ ಹಚ್ಚಬಹುದು,” ಎಂದರು ಜಡ್ಜರು. “ಮೊದಲು ನೀವು ಏಳಿ.”

ಗುಂಡುಸೂಜಿ ಮೆಷಿನ್ನು ಬಿಟ್ಟು ಬಂದವನು ಒಂದು ತಮಾಷೆಯ ಮಾತೂ ಆಡಲಿಲ್ಲ. ಅದರಿಂದಲೇ ದರ್ಜಿಗೆ ತನ್ನ ಸ್ಥಿತಿ ಎಂಥದೆಂದು ಗೊತ್ತಾದದ್ದು. ಭಾಮೈದ ಭಾವನ ಸೊಂಟಕ್ಕೆ ಒಂದು ಮೀಟರಿನಷ್ಟು ಕಪ್ಪು ಬಟ್ಟೆ ಸುತ್ತಿ, ಜಡ್ಜರನ್ನು ಕಳಿಸಿ, ಅಂಗಡಿಗೆ ಬೀಗ ಹಾಕಿ, ಟ್ಯಾಕ್ಸಿ ಕರೆದ. ದಾರಿಯಲ್ಲಿ ಅಕ್ಕನಿಗೆ ಫೋನು ಮಾಡಿ, ಗಾಬರಿ ಬೇಡ, ಭಾವನಿಗೆ ಹೊಟ್ಟೆನೋವು, ಆಸ್ಪತ್ರೆಗೆ ಬಾ ಎಂದ. ಟ್ಯಾಕ್ಸಿಯವನು ಸೀಟು ಒದ್ದೆಯಾಗದಿರಲಿ ಎಂದು ಎರಡು ಸಲ ಹೇಳಿದ. ದರ್ಜಿ ಸೀಟಿನ ತುದಿಯಲ್ಲಿ, ಮೈಯನ್ನು ಗಾಳಿಯಲ್ಲಿ ಹಿಡಿದುಕೊಂಡಂತೆ ಕೂತು, ಸಿಗ್ನಲ್ಲುಗಳಲ್ಲಿ ಕೆಂಪು ದೀಪವನ್ನೇ ನೋಡಿದ. ಸೀಟಿನ ಕವರಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಚಳಿಗೆ ಹಲ್ಲು ಕಟಕಟ ಎನ್ನತೊಡಗಿತು. ಹೊರಗೆ ಜನ ಅಂಗಿಯ ತೋಳು ಮಡಿಸಿಕೊಂಡು ಬಿಸಿಲಿನಲ್ಲಿ ನಡೆಯುತ್ತಿದ್ದರು.

ನರ್ಸಮ್ಮ ಮೊದಲಿನವಳೇ. ಪರದೆ ಎಳೆದು, ಸೊಂಟದ ಕಪ್ಪು ಬಟ್ಟೆ ಬಿಚ್ಚಿ, ಪ್ಯಾಂಟು ಸಡಿಲಿಸಿ ಚೀಲ ಹುಡುಕಿದಳು. ತೊಡೆಯಲ್ಲಿ ಇಲ್ಲ, ಕಾಲಿನಲ್ಲಿ ಇಲ್ಲ. ಪೈಪನ್ನು ಬೆರಳಿನಿಂದ ಹಿಡಿದು ಅದು ಹೋದ ದಾರಿಯಲ್ಲೇ ಹೋದಳು, ಮೇಲಕ್ಕೆ, ಒಂದು ಕುಣಿಕೆ, ಇನ್ನೊಂದು ಕುಣಿಕೆ, ಅಲ್ಲಿ ಪೈಪು ಮುರಿದು ಮಡಿಸಿಕೊಂಡಿತ್ತು, ಆಮೇಲೆ ಸೊಂಟಪಟ್ಟಿಯ ಒಳಗೆ ನುಣುಪು ಅಸ್ತರಿನ ಜೇಬು. ಅವಳು ಜೇಬಿನೊಳಗೆ ಎರಡು ಬೆರಳು ಹಾಕಿ, ಹೊರಗೆ ತಿರುವಿ, ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದನ್ನ ಯಾರು ಹೊಲಿದ್ರು ಅಂಕಲ್?”

“ನಾನೇ.”

“ಹೊಲಿಗೆ ತುಂಬಾ ಚೆನ್ನಾಗಿದೆ. ಆದ್ರೆ ನೀರು ಏಣಿ ಹತ್ತುತ್ತಾ?”

ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಕತ್ತರಿಯಿಂದ ಕುಣಿಕೆಗಳನ್ನು ಕಚಕ್ ಕಚಕ್ ಎಂದು ಕತ್ತರಿಸಿದಳು; ಬ್ಯಾಂಡೇಜು ಕತ್ತರಿಸುವ ಮೊಂಡ ಕತ್ತರಿ. ಪೈಪು ನೇರ ಮಾಡಿದರೂ ಏನೂ ಬರಲಿಲ್ಲ. ದೊಡ್ಡ ಸಿರಿಂಜಿನಲ್ಲಿ ನೀರು ತುಂಬಿ ಪೈಪಿನೊಳಗೆ ನಿಧಾನ ಬಿಟ್ಟು, ನಿಧಾನ ಎಳೆದಳು. ಬಿಟ್ಟಳು, ಎಳೆದಳು. ಹಾಗೆ ಮಾಡುವಾಗ ಅವಳ ಕಣ್ಣು ಸಿರಿಂಜಿನ ಮೇಲಿತ್ತು, ಅವನ ಮುಖದ ಮೇಲೆ ಇರಲಿಲ್ಲ, ಉಳಿದ ಕಡೆಯೂ ಇರಲಿಲ್ಲ. ಹೊರಗೆ ಬಹಳ ಸೆಕೆಯಾ ಅಂಕಲ್ ಎಂದು ಕೇಳಿದಳು. ಅವನು ನೋವಿನ ನಡುವೆಯೂ ಅದನ್ನು ಗುರುತು ಹಿಡಿದ. ಇವಳಿಗೂ ಯಾರೋ ಮೇಸ್ತ್ರಿ ಇದ್ದಿರಬೇಕು. ಸಿರಿಂಜಿನೊಳಗೆ ಕಪ್ಪು ಕೆಂಪಿನ ಒಂದು ಹೆಪ್ಪು ಬಂತು, ಇನ್ನೊಂದು ಬಂತು, ಆಮೇಲೆ ತಡೆದು ನಿಂತದ್ದೆಲ್ಲ ಒಮ್ಮೆಗೇ ಬಂತು. ಮಂಚದ ಕೆಳಗಿನ ಚೀಲದಲ್ಲಿ ಅದು ಬೀಳುವ ಸದ್ದು ಕೇಳುತ್ತ ಅವನ ಕಣ್ಣು ತಾನಾಗಿ ಮುಚ್ಚಿತು. ಸುಖ ಎಂದರೆ ಇಷ್ಟೇ ಎಂದು ಯಾರೂ ಅವನಿಗೆ ಮೊದಲು ಹೇಳಿರಲಿಲ್ಲ.

ಎಚ್ಚರವಾದಾಗ ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅವನ ಒದ್ದೆ ಪ್ಯಾಂಟು ಇತ್ತು. ಜೇಬು ಇನ್ನೂ ಹೊರಕ್ಕೆ ತಿರುವಿದ್ದು ಹಾಗೆಯೇ ಇತ್ತು. ಅಷ್ಟರಲ್ಲಿ ಡಾಕ್ಟರು ಬಂದು ಹೋಗಿದ್ದರು. ಸೋಂಕು ಆಗಿದೆ, ಜ್ವರ ಇದೆ, ಕೈಗೆ ಸೂಜಿ ಚುಚ್ಚಿ ಔಷಧಿ ಹಾಕುತ್ತಿದ್ದಾರೆ, ಶುಕ್ರವಾರದ ಮಾತು ಬಿಡಿ, ಮೊದಲು ಇದು ಇಳಿಯಲಿ, ಪೈಪು ಯಾವಾಗ ತೆಗೆಯುವುದೋ ಆಮೇಲೆ ನೋಡೋಣ ಎಂದು ಅವಳಿಗೆ ಹೇಳಿದ್ದರು. ಅವಳು ಅದನ್ನೆಲ್ಲ ಅವನಿಗೆ ಒಂದೇ ಸ್ವರದಲ್ಲಿ ಒಪ್ಪಿಸಿದಳು. ಅವನು ಚಾವಣಿ ನೋಡುತ್ತ ಕೇಳಿದ. ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡದ್ದು ಸ್ಪಷ್ಟವಾಗಿತ್ತು, ಅದಕ್ಕೆ ಯಾರ ತೀರ್ಪೂ ಬೇಕಿರಲಿಲ್ಲ. ಪೈಪು ಉಳಿದರೆ ಅಂಗಡಿ ಬಿಡುತ್ತೇನೆ ಎಂದು ಆಗ ಅವಳಿಗೆ ಹೇಳಿದ. ಅವಳು ನಗಲಿಲ್ಲ. ಅಂಗಡಿ ಬಿಟ್ಟು ಏನು ಮಾಡ್ತೀರಿ ಎಂದು ಕೇಳಿದಳು. ಗೊತ್ತಿಲ್ಲ ಎಂದ. ಬೆಳಿಗ್ಗೆ ನಾನು ಬಾಗಿಲ ಹೊರಗೆ ನಿಂತು ಕೇಳಿದೆನಲ್ಲ ಎಂದಳು. ಹೌದು ಎಂದ. ಅವಳು ಪ್ಯಾಂಟನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ಮುಚ್ಚಿಡೋದಕ್ಕೆ ನಾನೇನು ನಿಮ್ಮ ಗಿರಾಕಿನಾ?”

ಪಕ್ಕದ ಪರದೆಯ ಆಚೆ ಯಾರೋ ಯಾರಿಗೋ ಹಣ್ಣು ಸುಲಿದುಕೊಡುತ್ತಿದ್ದರು. ಸಿಪ್ಪೆಯ ವಾಸನೆ ಬಂತು. ಮಂಚದ ಕೆಳಗಿನ ಚೀಲ ತುಂಬುತ್ತ ಬಂದಿತ್ತು. ನರ್ಸಮ್ಮನನ್ನು ಕರೆಯಲೇ ಎಂದು ಅವಳು ಕೇಳಿದಳು. ಅವನು ಗೋಡೆಯ ಕಡೆಗೆ ಮುಖ ಮಾಡಿ, ಬೇಡ, ನಿನಗೆ ಬರುತ್ತಾ ಎಂದ. ಏನು ಮಹಾ ವಿದ್ಯೆ ಎಂದು ಅವಳು ಎದ್ದು, ಪಾತ್ರೆ ಎಳೆದುಕೊಂಡು, ಚೀಲದ ತಳದ ಬಿರಡೆ ತಿರುಗಿಸಿದಳು. ಸದ್ದು ಬಹಳ ಜೋರಾಗಿ ಕೇಳಿಸಿತು ಅವನಿಗೆ. ಸಂಜೆಯ ಬೆಳಕಿನಲ್ಲಿ ಅವಳ ತಲೆಯ ಬೈತಲೆ ಕಂಡಿತು, ಬಗ್ಗಿದ ಬೆನ್ನು ಕಂಡಿತು. ಆವತ್ತು ಅವಳ ಅಪ್ಪನ ಹಾಸಿಗೆಯ ಪಕ್ಕ ಬಗ್ಗಿದ್ದ ಬೆನ್ನೇ. ಆವಾಗ ನಾನು ನಿನಗೆ ಕೈ ತೊಳೆದುಕೋ ಎಂದು ಹೇಳಬಾರದಿತ್ತು ಎಂದು ಹೇಳಲು ಬಾಯಿ ತೆರೆದ. ಹೇಳಿದ್ದು ಮಾತ್ರ, ಬಣ್ಣ ಹೇಗಿದೆ ಎಂದು. ಗುಲಾಬಿ ಎಂದಳು ಅವಳು. ನಾಳೆಗೆ ತಿಳಿಯಾಗಬಹುದು, ನೀರು ಕುಡಿಯಿರಿ.

ಪೈಪು ಶುಕ್ರವಾರಕ್ಕಲ್ಲ, ಅದಾದ ಮೇಲೆ ಬಹಳ ದಿನಕ್ಕೆ ಹೋಯಿತು. ಅಷ್ಟು ದಿನ ಅವನು ಮನೆಯಲ್ಲಿ ಸಡಿಲ ಪೈಜಾಮದಲ್ಲಿ, ಎಲ್ಲರಿಗೂ ಕಾಣುವಂತೆ ಚೀಲವನ್ನು ಕುರ್ಚಿಯ ಕಾಲಿಗೆ ನೇತುಹಾಕಿಕೊಂಡು ಕೂತ. ಗುಂಡುಸೂಜಿ ದಿನಾ ಸಂಜೆ ಬಂದು ಅಂಗಡಿಯ ವರದಿ ಕೊಟ್ಟ. ಎರಡನೆಯ ದಿನವೇ ಅವನ ಬಾಯಿಗೆ ಸೂಜಿ ಮರಳಿ ಬಂದಿತ್ತು. ಭಾವ, ನಿಮ್ಮದು ಬಿಡಿ, ಕೂತಲ್ಲೇ ಎಲ್ಲ ಆಗುತ್ತದೆ, ನಾನು ಸಿನಿಮಾದ ನಡುವೆ ಎದ್ದು ಹೋಗಬೇಕು ಎಂದ. ದರ್ಜಿ ನಕ್ಕ. ನಕ್ಕಾಗ ನೋವಾಯಿತು, ಆದರೂ ನಕ್ಕ. ಕೋಟು ತಡವಾಯಿತೆಂದು ಜಡ್ಜರು ಫೋನು ಮಾಡಿದ್ದರಂತೆ. ತೋಳನ್ನು ಗುಂಡುಸೂಜಿಯೇ ಹಚ್ಚಿದ. ಹೊತ್ತುಕೊಂಡು ಬಂದು ತೋರಿಸಿದಾಗ ಅದು ನೂಲಿನಷ್ಟು ಮುಂದಕ್ಕೆ ಬಂದಿತ್ತು. ದರ್ಜಿ ನೋಡಿದ. ಭಾಮೈದ ಅವನ ಮುಖ ನೋಡುತ್ತ ಕಾದ. ಚೆನ್ನಾಗಿದೆ, ಕೊಟ್ಟುಬಿಡು ಎಂದ ದರ್ಜಿ. ಅಸ್ತರಿನ ತುಂಡು ಒಂದು ಅವರಿಗೆ ಸೇರಬೇಕಾದದ್ದು ನನ್ನ ಹತ್ತಿರ ಖರ್ಚಾಗಿದೆ, ಅದರ ಬೆಲೆ ಕೂಲಿಯಲ್ಲಿ ಕಳೆದುಬಿಡು ಎಂದೂ ಹೇಳಿದ.

ಪೈಪು ತೆಗೆದ ದಿನ ಆಸ್ಪತ್ರೆಯ ಉದ್ದ ಮೊಗಸಾಲೆಯಲ್ಲಿ ಬೆಂಚಿನ ಮೇಲೆ ಕೂತು ಅವನು ಲೋಟ ಲೋಟ ನೀರು ಕುಡಿದ. ಹೆಂಡತಿ ಪಕ್ಕದಲ್ಲಿ ಕೂತು ಲೋಟ ತುಂಬಿ ತುಂಬಿ ಕೊಟ್ಟಳು. ಈ ಸಲವೂ ಆಗದಿದ್ದರೆ ಎಂದು ಅವನು ಶುರುಮಾಡಿದ. ಆಗದಿದ್ದರೆ ಹಾಕಿಸಿಕೊಂಡು ಮನೆಗೆ ಹೋಗೋಣ, ಸಂಜೆ ಅಡಿಗೆಗೆ ಏನೂ ತಂದಿಲ್ಲ, ದಾರಿಯಲ್ಲಿ ತರಕಾರಿ ತಗೋಬೇಕು ಎಂದಳು ಅವಳು. ಹೊಟ್ಟೆ ಬಿಗಿಯುತ್ತ ಬಂದಾಗ ಅವನು ಎದ್ದ. ಅವಳೂ ಎದ್ದು ಅವನ ತೋಳು ಹಿಡಿದು ಒಳಗೆ ಬಂದಳು, ಅವನು ಬೇಡವೆನ್ನಲಿಲ್ಲ. ಬಿಳಿ ಗೋಡೆ ಅದೇ. ಅವಳು ಅವನ ಬೆನ್ನಿಗೆ ಬೆನ್ನು ಮಾಡಿ ನಿಂತು, ಕಿಟಕಿಯಿಂದ ಆಚೆ ನೋಡುತ್ತ, ಹೊರಗೆ ಯಾರೋ ಹೊಸ ಕಾರು ತಂದು ನಿಲ್ಲಿಸಲು ಬಾರದೆ ಒದ್ದಾಡುತ್ತಿದ್ದಾನೆ ಎಂದು ಹೇಳತೊಡಗಿದಳು. ಹಿಂದಕ್ಕೆ ಬಂದ, ಮುಂದಕ್ಕೆ ಹೋದ, ಗೋಡೆಗೆ ತಾಗಿಸಿದ, ಇಳಿದು ನೋಡಿದ. ಅವನು ಕಾರಿನ ಕತೆ ಕೇಳುತ್ತ ನಿಂತ. ಮೊದಲು ಉರಿ ಬಂತು. ಆಮೇಲೆ ಒಂದು ಹನಿ. ನಿಂತಿತು. ಆಮೇಲೆ ತೆಳ್ಳಗೆ, ತುಂಡಾಗಿ, ಮತ್ತೆ ಕೂಡಿಕೊಂಡು, ಅವನದೇ ಆಗಿ ಬಂತು. ಹೆಂಡತಿ ಕಾರಿನ ಕತೆ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ. ಕೊನೆಗೂ ನಿಲ್ಲಿಸಿದ ನೋಡಿ ಎಂದಳು, ಕಾರಿನವನ ಬಗ್ಗೆ.

ಅವನು ಅಂಗಡಿಗೆ ಮರಳಿದ. ಪೈಪು ಇಲ್ಲ, ಚೀಲ ಇಲ್ಲ. ಕೆಮ್ಮಿದರೆ, ಜೋರಾಗಿ ನಕ್ಕರೆ, ಮಂಡಿಯೂರಿದರೆ ಎರಡು ಹನಿ ಜಾರುತ್ತವೆ. ಅದಕ್ಕೆ ಒಳಗೆ ಬಟ್ಟೆ ಇಟ್ಟುಕೊಳ್ಳುತ್ತಾನೆ, ಅದು ಹೋಗುತ್ತದೆಂದು ಡಾಕ್ಟರು ಹೇಳುತ್ತಾರೆ, ಹೋಗದೆಯೂ ಇರಬಹುದು ಎಂದೂ ಹೇಳುತ್ತಾರೆ. ಆದ್ದರಿಂದ ಗಿರಾಕಿಗಳ ಮುಂದೆ ಮಂಡಿಯೂರುವುದನ್ನು ಬಿಟ್ಟ. ಅಳತೆ, ಟ್ರಯಲು, ಕನ್ನಡಿಯ ಮುಂದಿನ ಕೆಲಸವೆಲ್ಲ ಈಗ ಭಾಮೈದನದು; ಗಿರಾಕಿಗಳು ಮೊದಲು ಗುಂಡುಸೂಜಿಯನ್ನೇ ಕೇಳಿಕೊಂಡು ಬರುತ್ತಾರೆ. ಆ ಜಾಗ ಹೋಯಿತು, ಮತ್ತೆ ಬರುವುದಿಲ್ಲ. ಕತ್ತರಿ ಉಳಿಯಿತು. ಮೈಯಲ್ಲಿ ಮುಚ್ಚಿಡುವಂಥದ್ದು ಏನೇನಿತ್ತೋ ಅದೆಲ್ಲ ಹೆಂಡತಿಗೆ ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಕೆಡಲಿಲ್ಲ.